ಒತ್ತಿಲ್ಲದ ಬ

ಪುಟ್ಟ ಪರದೆ, ಎರಡೇ ಸಾಲು.
ಚುಕ್ಕಿ ಚುಕ್ಕಿ ಇಟ್ಟು ನಾನೇ ಬರೆದ ಅಕ್ಷರಕ್ಕೆ
ಅದರಲ್ಲಿ ಎಂಟೇ ಮನೆ.
ಕೊಬ್ಬು ಅಂತ ಬರೆಯಹೋಗಿ
ಒತ್ತಿಗೆ ಜಾಗ ಸಾಲದೆ
'ಕೊಬು' ಅಂತ ನಿಂತಿತು.
ಇರಲಿ ಬಿಡಕ್ಕಾ, ಹಾಲು ಹಾಕೋರು ಅಂಕಿ ನೋಡ್ತಾರೆ,
ಅಂದಳು ರುಬೀನಾ, ಬೆಸುಗೆಯ ಹೊಗೆ ಊದುತ್ತ.

ಕಾಟೀಹಳ್ಳಿಯ ನಮ್ಮ ಶೆಡ್ಡಿನ ಬಾಗಿಲಿಗೆ ಎರಡು ಬೀಗ.
ಮೊದಲ ಹತ್ತು ಯಂತ್ರದ ಚಿಪ್ಪಿಗೆ
ಒಂದೂ ಇಲ್ಲ.
ದಿನಾ ತಿದ್ದುತ್ತಿದ್ದೆ, ನಾಳೆ ಹಾಕಿದರಾಯಿತು ಅಂದುಕೊಂಡೆ.

ಆಷಾಢದಲ್ಲಿ ದುದ್ದ ರಸ್ತೆಯ ಒಂದು ಸಂಘದ ಜವರಪ್ಪ ಬಂದು
ಸ್ಟೂಲು ಎಳೆದು ಕೂತ:
'ಎಲ್ಡೇ ಪಾಯಿಂಟು ಅಕ್ಕಾವ್ರೇ.
ಮೂರು ಏಳಿದ್ರೆ ಮೂರು ಐದು ತೋರಿಸ್ಲಿ.
ಹಸ ಬಂದು ಕೇಳ್ತದಾ?'
ಟೀ ಕುಡಿಸಿ ಕಳಿಸಿದೆ.

ದೀಪಾವಳಿ ಕಳೆದ ಮೇಲೆ ಬಂದವಳು ಪುಟ್ಟಸಿದ್ದಮ್ಮ,
ಸೆರಗಿನ ಗಂಟಲ್ಲಿ ಎರಡು ಚೀಟಿ.
'ಒಂದೇ ಹಸ, ಒಂದೇ ಹೊತ್ತಿನ ಹಾಲು.
ನಮ್ಮೂರಲ್ಲಿ ಮೂರೈದು, ತಂಗಿ ಊರಲ್ಲಿ ಮೂರೇಳು.
ಎರಡೂ ನಿನ್ನ ಮಿಷೀನಂತೆ. ಯಾವುದು ಸುಳ್ಳು ಬೊಗಳ್ತದೆ ಹೇಳು.'

ಅವಳೂರಿಗೆ ನಾನು ಮಾರಿಯೇ ಇಲ್ಲ.
ಹೋಗಿ ಮುಚ್ಚಳ ತೆಗೆದೆ.
ಅದೇ ಹಸಿರು ಹಲಗೆ,
ಚಿಪ್ಪಿನ ಬೆನ್ನು ಮಾತ್ರ ಉಜ್ಜಿ ಹೆಸರು ಅಳಿಸಿದ್ದರು.
ಸ್ವಿಚ್ಚು ಒತ್ತಿದೆ.
ಕೊಬು, ಅಂದಿತು.
ಮಗು ಕದ್ದವರು ಮಚ್ಚೆ ಸಮೇತ ಕದ್ದಿದ್ದರು.

ನಾಲ್ಕು ತಂತಿ, ಕಾಲು ಗಂಟೆ; ಅಷ್ಟರಲ್ಲಿ
ನನ್ನ ಮೂರು ವರ್ಷ ನಕಲಾಗಿದೆ.
ಅವರು ಸೇರಿಸಿದ್ದು ಒಂದೇ ಒಂದು ಕಳೆಯುವ ಲೆಕ್ಕ.

ಈಗ ಬೀಗ ಹಾಕದೆ ಯಾವುದೂ ಹೊರಗೆ ಹೋಗುವುದಿಲ್ಲ.
ಒಮ್ಮೆ ಬಿದ್ದರೆ ನನಗೂ ಓದಲಾಗದು.
ಕೆದಕಿದರೆ ತನ್ನನ್ನು ತಾನೇ ಅಳಿಸಿಕೊಂಡು
ಬರಿದಾಗಿ ಕೂರುತ್ತದೆ.
ಕರೆಂಟು ಬಂದಾಗಲೆಲ್ಲ ಮೈಯೆಲ್ಲ ಎಣಿಸಿಕೊಂಡು
ಒಂದು ಬಿಟ್ಟು ಅತ್ತಿತ್ತಾದರೂ
ಬಾಯಿ ಬಿಡದು.
ಹಳೇಬೀಡಿನ ರೂವಾರಿ ಪೀಠದಲ್ಲಿ ಹೆಸರು ಕೊರೆದ, ಓದಲಿ ಅಂತ.
ನಾನು ಕೊರೆಯುವುದು ಯಾರೂ ಓದಬಾರದು ಅಂತ.
ಆಸಿಡ್ಡು, ಸೂಕ್ಷ್ಮದರ್ಶಕ, ಕೈತುಂಬ ಕಾಸು
ಇದ್ದವನಿಗೆ ಇದೂ ತೆರೆದೀತು.
ಎರಡು ಪಾಯಿಂಟಿನ ಆಸೆಗೆ ಅಷ್ಟೆಲ್ಲ ಯಾರು ಸುರಿದಾರು?

ದೊಡ್ಡ ಪರದೆ ಬಂದಿದೆ, ಒತ್ತು ಹಾಕಲಾ?
ರುಬೀನಾ ಕೇಳಿದಳು.
ಹಾಕು ಅಂದೆ. ಕೈ ಒಂದು ಗಳಿಗೆ ತಡೆದೇ ಅಂದೆ.
ನನ್ನ ತಪ್ಪೇ ಅಲ್ಲವೆ ನನಗೆ ಸಾಕ್ಷಿ ನುಡಿದದ್ದು?

ಪುಟ್ಟಸಿದ್ದಮ್ಮನಿಗೆ ಅಂಕಿ ಗೊತ್ತು, ಅಕ್ಷರ ಬಾರದು.
ಚೀಟಿಯ ಬೆನ್ನಿಗೆ ಬರೆದು ತೋರಿಸಿದೆ:
ಬ, ಅದರ ಕೆಳಗೆ ಇನ್ನೊಂದು ಪುಟ್ಟ ಬ.
ಇದು ಕಂಡರೆ ಹಾಲು ಹುಯ್ಯಿ, ಇಲ್ಲದಿದ್ದರೆ ಕೇಳು.
ಕಣ್ಣು ಕಿರಿದು ಮಾಡಿ ನೋಡಿದಳು.
'ಓ, ಹಸ ನಿಂತದೆ, ಕೆಳಗೆ ಕರ ಬಾಯಿ ಹಾಕದೆ.'
ಚೀಟಿ ಮಡಚಿ ಎಲೆಅಡಿಕೆ ಚೀಲಕ್ಕಿಟ್ಟು
ಬಸ್ಸಿಗೆ ಹೊತ್ತಾಯ್ತು ಅಂತ ಎದ್ದಳು.

ಹತ್ತರಲ್ಲಿ ಏಳು ವಾಪಸು ತರಿಸಿದ್ದೇನೆ.
ನಕಲು ಎಷ್ಟೋ, ಲೆಕ್ಕವಿಲ್ಲ.
ನಾಳೆಯೂ ಬೆಳಗಿನ ಐದೂವರೆಗೆ ಎಷ್ಟು ಊರಲ್ಲೋ
ಕರುವಿಲ್ಲದ ನನ್ನ ಆ ಬ
ಕಣ್ಣು ಬಿಟ್ಟು
ಹಾಲು ಅಳೆಯುತ್ತದೆ.