ಸುಳ್ಳು ಹರಳು

ಉಮದಿಯ ಆಚೆ, ಬೇದಾಣಿ ಕಾರ್ಖಾನ್ಯಾಗ
ರಾತ್ರಿಪಾಳಿ ನಂದು.
ಕೆಲಸ ಅಂದ್ರ ನೋಡೂದು.
ಪಟ್ಟಾದ ಮ್ಯಾಲ ಒಣದ್ರಾಕ್ಷಿ ಹರೀತದ,
ಸೀಸದ ಪರದೆ ಸರಿಸಿ ಒಳಗ ಹೋಗ್ತದ,
ನನ್ನ ಕಣ್ಣಮುಂದ ಬರೂದು ಬರೇ ಬೂದಿ.
ಹಸರು ಇಲ್ಲ, ಹಳದಿ ಇಲ್ಲ,
ಸಿಹಿಗಂತೂ ಅಲ್ಲಿ ನೆರಳಸುದ್ದಾ ಬೀಳಂಗಿಲ್ಲ.

ಬೀಳೂದು ಭಾರ ಇದ್ದದ್ದು:
ತ್ವಾಟದ ಕಲ್ಲು,
ಚಪ್ಪರದ ತಂತಿತುಂಡು. ಅದೇ ತಂತಿ ನಾಕು ವರ್ಷ
ಬಳ್ಳಿ ಬೀಳದಂಗ ಎತ್ತಿ ಹಿಡದದ್ದು,
ಇಲ್ಲಿ ಬಂದ್ರ ಕಪ್ಪು ಗೆರಿ, ಕಳ್ಳ.
ಗಾಳಿ ಫಕ್ಕನ ಊದಿ ಕೆಂಪು ಡಬ್ಬಿಗೆ ಕೆಡವ್ತದ.

ಕೂದಲಾ ಅದಕ್ಕ ಕಾಣಂಗಿಲ್ಲ. ದೇಟು ಕಾಣಂಗಿಲ್ಲ.
ಅದಕ್ಕಂತ ಲಗಮವ್ವ ಅದಾಳ, ಹಸೀನಾಬಿ ಅದಾಳ,
ಟ್ಯೂಬ್‌ಲೈಟಿನ ಬುಡಕ ಮತ್ತ ಆರು ಮಂದಿ,
ಬೆರಳಿಗೆ ಕಣ್ಣು ಬಂದೋರು.
"ನಿನ್ನ ಮಶೀನಿಗೆ ಎಲುವು ಕಾಣ್ತದ,
ಚರ್ಮ ಕಾಣಂಗಿಲ್ಲ ನೋಡವಾ" ಅಂತಾಳ ಲಗಮವ್ವ.

ತಾಸಿಗೊಮ್ಮೆ ನಾ ಅದಕ್ಕೊಂದು ಸುಳ್ಳು ಹೇಳಬೇಕು.
ಪ್ಲಾಸ್ಟಿಕ್ ಪಟ್ಟಿ, ಅದರಾಗ ಮೂರು ಹರಳು:
ಉಕ್ಕು, ಗಾಜು, ಪಿಂಗಾಣಿ. ಸಜ್ಜಿಕಾಳಿನಷ್ಟ.
ದ್ರಾಕ್ಷಿ ನಡುವ ಹೂತು ಬಿಡೂದು.
ಮೂರೂ ಹಿಡೀತು ಅಂದ್ರ ಎಚ್ಚರದಾಗ ಅದ.
ಮೂರು ಟಿಕ್, ಒಂದು ಸಹಿ.

ಅವತ್ತು ಮೂರರ ತಾಸಿಗೆ ಎರಡೇ ಹಿಡೀತು.
ಮತ್ತ ಬಿಟ್ಟೆ. ಎರಡೇ.
ಶೇಂಡಗೆ ಸಾಹೇಬ ಬಂದ, ಮಶೀನಿನ ಬೆನ್ನಿಗೆ ಬಡದ,
ಪುಣೆಕ್ಕ ಫೋನ್ ಹಚ್ಚಿದ, ಯಾರೂ ಎತ್ತಲಿಲ್ಲ.
ಲಗಮವ್ವ ಪಟ್ಟಿ ಇಸಕೊಂಡು ದೀಪಕ್ಕ ಹಿಡದಳು.
"ಅದೇನು ಕುರುಡ ಅಲ್ಲೋ ಯಪ್ಪಾ.
ಇದ್ರ ಕಂಡೀತು. ಇಲ್ಲಿ ತೂತು ಅದ."

ಗಾಜು ಉದುರಿತ್ತು.
ಎರಡರ ತಾಸಿಗೆ, ಮಶೀನಿನ ಕಣ್ಣು ದಾಟಿದ ಮ್ಯಾಲ,
ಪಟ್ಟಿ ನಾ ಎತ್ತಿಕೊಳ್ಳೋ ಜಾಗಾದಾಗ.
ಕಳ್ಳನ್ನ ಹಿಡಿಯೂದು ಕಲಿಸಾಕ ತಂದ ಹರಳು
ಖರೇನ ಕಳ್ಳ ಆಗಿ
ದುಬೈಗೆ ಹೊಂಟ ಪೆಟ್ಟಿಗ್ಯಾಗ ಕುಂತಿತ್ತು.

ಮೂವತ್ತೆಂಟು ಪೆಟ್ಟಿಗಿ.
ಟೇಪು ಹರಿ, ಸುರುವು, ಮತ್ತ ಬಿಡು.
ಹಸೀನಾಬಿ ಎಣಸ್ತಿದ್ದಳು,
ಹನ್ನೊಂದಕ್ಕ ತಪ್ಪಿ ಮತ್ತ ಒಂದರಿಂದ.
ಬೂದಿ. ಬೂದಿ. ಬೂದಿ.
ಇಪ್ಪತ್ತೇಳಕ್ಕ ಒಂದು ಚುಕ್ಕಿ.
ಇಷ್ಟು ಖುಷಿಲೆ ನಾ ಯಾವ ಕಲ್ಲನ್ನೂ ನೋಡಿದ್ದಿಲ್ಲ.

ಬೆಳಗ ಫಾರ್ಮು ಕೇಳ್ತು, ಮರಾಠಿಯೊಳಗ:
ಪರಕೀಯ ವಸ್ತು ಎಲ್ಲಿಂದ ಬಂತು?
ತ್ವಾಟದಿಂದೋ, ಗಾಡಿಯಿಂದೋ,
ಕೆಲಸದೋರ ಮೈಮ್ಯಾಲಿಂದೋ, ಒಂದಕ್ಕ ಗುರುತು ಹಾಕು.
ಪೆನ್ನು ಹಿಡಕೊಂಡು ಕುಂತೆ.
"ಏನಂತದ?" ಅಂದಳು ಲಗಮವ್ವ.
ಓದಿ ಹೇಳಿದೆ.
"ಎಲ್ಲಿಂದನೂ ಬಂದಿಲ್ಲ ಅಂತ ಬರಿ.
ಮೊದಲಿಂದ ಇಲ್ಲೇ ಇತ್ತು."

ಮೂರು ಖಾನೆದಾಗೂ ಅದಕ್ಕ ಜಾಗಾ ಇರಲಿಲ್ಲ.
ಅಂಚಿನ್ಯಾಗ ಬರದೆ, ಕನ್ನಡದಾಗ.

ಹೊರಗ ಚಡಚಣದ ಮೊದಲ ಬಸ್ಸು ಹಾರ್ನ್ ಹೊಡೀತು.
ಹರಳು ಇನ್ನೂ ಅಂಗೈಯಾಗ.
ರಾತ್ರಿಯೆಲ್ಲಾ ಕಪ್ಪಂತ ಹುಡುಕಿದ್ದು,
ಬಾಗಲಕ್ಕ ಬಂದು ಹಿಡದು ನೋಡಿದ್ರ
ಅದರ ಆಚೆ ಬಸ್ಸು ಕಾಣ್ತಿತ್ತು.