ಸೋಮವಾರದ ಮೊದಲ ಊದು

ಸೋಮವಾರ ಖೋಲಿಯ ಬೀಗ ತೆಗೆದು, ಫ್ಯಾನು ಹಾಕಿ,
ಮಿಷಿನ್ನಿನ ಮೇಲಿನ ಕೆಂಪು ದೂಳು ಒರೆಸಿ
ಮೊದಲು ನಾನೇ ಊದಬೇಕು.
ತಕ್ಕಡಿ ಸುಳ್ಳು ಹೇಳುತ್ತಿಲ್ಲವೆಂದು ನೋಡಲು
ಗೊತ್ತಿರುವ ಕಲ್ಲೊಂದು ಬೇಕಲ್ಲ,
ಈ ಖೋಲಿಗೆ ಆ ಕಲ್ಲು ನಾನು.

ಒಂಬತ್ತು ವರ್ಷದಿಂದ ಅದೇ ಸ್ಟೂಲು,
ಕಿಟಕಿಯಲ್ಲಿ ಅದೇ ಬಳ್ಳಾರಿಯ ಕೋಟೆಗುಡ್ಡ.
ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ.
ನನಗೆ ಊದು ಅನ್ನುವವರಿಲ್ಲ.

ಆಮೇಲೆ ದಿನವಿಡೀ ಅನ್ನುವವಳು ನಾನೇ.
ಮೋಕಾದವರಿಗೆ "ಊದ್ರಿ, ಊದ್ರಿ, ಇನ್ನಾ ಊದ್ರಿ",
ಗುಂತಕಲ್ಲಿನವರಿಗೆ "ಊದಂಡಿ",
ಕೌಲ್ ಬಜಾರಿನ ಅಜ್ಜಿಗೆ "ಫೂಂಕೋ ಅಮ್ಮಾ, ಜೋರ್ ಸೇ".
ಸಂಜೆಗೆ ನನ್ನ ಗಂಟಲಲ್ಲಿ
ಒಂದು ಭಾಷೆಯೂ ಉಳಿದಿರುವುದಿಲ್ಲ.

ಹೋದ ವಾರ ಶೇಕ್ಷಾವಲಿ ಬಂದಿದ್ದ, ಜೀನ್ಸ್ ಹೊಲಿಯುವವನು.
ಮೆಟ್ಟಿಲು ಹತ್ತಿ ಬಂದು ಅರ್ಧ ನಿಮಿಷ
ಚೌಕಟ್ಟು ಹಿಡಿದು ನಿಂತ, ಮಾತಿಲ್ಲ.
ಉಗುರ ಸಂದಿಯಲ್ಲಿ ನೀಲಿ.
"ಎದಿಯಾಗೂ ಈ ಬಣ್ಣ ಕುಂತೈತೇನೋ ಮೇಡಂ,
ದಮ್ಮೈತಾ ನೋಡ್ರಿ."
ಚಪ್ಪಲಿಗೆ ಬಗ್ಗಿದರೆ ಉಸಿರು ಕಟ್ಟುತ್ತದಂತೆ,
ಅಂಗಾತ ಮಲಗಿದರೆ ಯಾರೋ ಎದೆಯ ಮೇಲೆ
ಬಟ್ಟೆಯ ಥಾನು ಇಟ್ಟ ಹಾಗಂತೆ.
ನೂರಾ ಹನ್ನೊಂದು ಕೇಜಿ.
ಅವನು ಮುಳ್ಳಿನ ಕಡೆ ನೋಡಲಿಲ್ಲ.

ಊದಿದ. ಗೆರೆ ಏರಿತು, ಇಳಿಯಿತು,
ಆಕಾರ ಸರಿ, ಅಳತೆ ಕಮ್ಮಿ.
ಡಾಕ್ಟರು ಹೇಳಿದರು: ದಮ್ಮಿನ ಕಾಯಿಲೆಯಲ್ಲ,
ಒಳಗೆ ಜಾಗ ಸಾಲುತ್ತಿಲ್ಲ,
ಹೊಟ್ಟೆ ಕೆಳಗಿನಿಂದ ಒತ್ತುತ್ತದೆ, ವಪೆಗೆ ಇಳಿಯಲು ಎಡೆಯಿಲ್ಲ.
ಅವನು ನಕ್ಕ:
"ಅಂದ್ರೆ ಮನೆ ಚಲೋ ಐತೆ, ಮಂದಿ ಜಾಸ್ತಿ ಆಗ್ಯಾರೆ!"
ನಾನು ನಗಲಿಲ್ಲ.
ನನ್ನ ಬಿಳಿ ಕೋಟಿನ ಮೂರನೇ ಗುಂಡಿ
ಎರಡು ವರ್ಷದಿಂದ ಕಾಜಾ ಮುಟ್ಟಿಲ್ಲ.

ನನ್ನ ಸೋಮವಾರಗಳದ್ದೊಂದು ನೋಟ್‌ಬುಕ್ಕಿದೆ.
ಎರಡು ಹೆರಿಗೆ, ಥೈರಾಯ್ಡ್ ಮಾತ್ರೆ,
ಕೋವಿಡ್ ವಾರ್ಡಿನ ರಾತ್ರಿಪಾಳಿ,
ಪಾಳಿ ಮುಗಿದ ಬೆಳಗಿನ ಉಗ್ಗಾಣಿ, ಮಿರ್ಚಿ.
ಯಾವುದರ ತಲೆಗೆ ಕಟ್ಟಲಿ?
ಕೆಲವನ್ನು ನಾನು ತಿಂದೆ,
ಕೆಲವು ನನ್ನನ್ನು.

ದೊಡ್ಡ ಅಂಕಿಗಳು ಅಷ್ಟೇನೂ ಜರುಗಿಲ್ಲ.
ಜರುಗಿದ್ದು ತಳದ್ದು:
ಸುಮ್ಮನೆ ಉಸಿರು ಬಿಟ್ಟಾದ ಮೇಲೂ
ಬೇಕೆಂದರೆ ಬಿಡಬಹುದಾದ ಇನ್ನಷ್ಟು ಇರುತ್ತದಲ್ಲ, ಅದು.
ಅವ್ವ ಸಾಸಿವೆ ಡಬ್ಬಿಯ ತಳದಲ್ಲಿ ಮಡಚಿಟ್ಟ ನೋಟಿನಂಥದ್ದು,
ಸಂತೆಗಲ್ಲ, ಚೀಟಿಗಲ್ಲ,
ಯಾವತ್ತಾದರೂ ಅಂತ ಇಟ್ಟದ್ದು.
ಒಂದು ಲೀಟರಿದ್ದದ್ದು ಅರ್ಧಕ್ಕಿಂತ ಕೆಳಗಿದೆ.
ಮಾತಾಡುತ್ತ ಮೆಟ್ಟಿಲು ಹತ್ತುವಾಗ
ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ
ನಾನು ಕಟಕಟೆ ಹಿಡಿಯುವುದು ಅದಕ್ಕೇ.

ಹೋಗುವಾಗ ಶೇಕ್ಷಾವಲಿ ಬಾಗಿಲಲ್ಲಿ ತಿರುಗಿದ.
"ನೀವೂ ಊದ್ತೀರಾ ಮೇಡಂ?"
ಹ್ಞೂಂ ಅಂದೆ.
"ಎಷ್ಟು ಬರ್ತೈತೆ?"
ಒಂಬತ್ತು ವರ್ಷದಲ್ಲಿ ಯಾರೂ ಕೇಳದ್ದು.
ಅಷ್ಟರಲ್ಲಿ ಮುಂದಿನ ಚೀಟಿಯವರು ಒಳಗೆ ಬಂದರು,
ನಾನು ಬದುಕಿಕೊಂಡೆ.

ಯಾಕೆಂದರೆ ಊದುವ ಮೊದಲು ಮಿಷಿನ್ನು ಕೇಳುತ್ತದೆ:
ವಯಸ್ಸು, ಎತ್ತರ, ತೂಕ.
ನಾಲ್ಕು ವರ್ಷದಿಂದ ನಾನು
ಎಪ್ಪತ್ತೊಂದು ಅಂತಲೇ ಒತ್ತುತ್ತ ಬಂದಿದ್ದೆ.
ಗೊತ್ತಿರುವ ಕಲ್ಲು!

ಇವತ್ತು ಸೋಮವಾರ.
ಪಂಪಾವತಿ, ನಲವತ್ಮೂರು, ನೂರಾ ಐವತ್ನಾಲ್ಕು,
ಆಮೇಲೆ ಎಂಟು, ಆಮೇಲೆ ಒಂಬತ್ತು.
ಮಿಷಿನ್ನು ಏನೂ ಅನ್ನಲಿಲ್ಲ.
ಹೊರಗೆ ಮೊದಲ ಚೀಟಿಯವರು ಕೆಮ್ಮಿದರು.
ಕ್ಲಿಪ್ಪು ಹಾಕಿಕೊಂಡೆ.