ಮುಕ್ಕಾಲು

ಡಂಡೀ ಊರಿನ ಏರುದಾರಿಯಲ್ಲೊಂದು ಶಾಲೆ.
ಊಟದ ಕೋಣೆ, ಮಂಗಳವಾರ, ಬೆಂದ ಬಟಾಣಿಯ ವಾಸನೆ.
ಮಡಚುವ ಮೇಜಿನ ಮೇಲೆ ನನ್ನ ಆಟದ ನಾಲ್ಕನೆಯ ಕರಡು:
ಓಟ್ಸ್ ಡಬ್ಬಿಯ ರಟ್ಟಿನಲ್ಲಿ ಕೊರೆದ ನಾಲ್ಕು ಕಡಲಹಕ್ಕಿ,
ನಾಲ್ಕು ತುಂಡಾಗಿ ಬಿಚ್ಚಿಕೊಳ್ಳುವ ಒಂದು ಮೀನು,
ತಪ್ಪಿದರೆ ಇಡಲು ಒಂದು ಕೆಂಪು ಬಿಲ್ಲೆ.

ಮೊದಲನೆಯ ಕರಡನ್ನು ಒಬ್ಬಳು ಎರಡೇ ನಿಮಿಷಕ್ಕೆ
ಆಕಳಿಸಿ ಮುಗಿಸಿದ್ದಳು.
ಎರಡನೆಯದಕ್ಕೆ ನಾನು ನಿಯಮ ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆದಿತ್ತು.
ಮೂರನೆಯದರ ಮಾತು ಬೇಡ.

"ನೋಡು, ಬರೆದುಕೋ, ಬಾಯಿ ಬಿಡಬೇಡ" ಎಂದಿದ್ದರು
ನಮ್ಮ ಮೇಷ್ಟ್ರು ಫೆನ್ವಿಕ್. "ನೀನು ವಿವರಿಸಿದೆಯೋ,
ಆಡಿದ್ದು ನೀನು, ಮಗು ಅಲ್ಲ."
ನಾಲಿಗೆಯನ್ನು ಹಲ್ಲಿನ ಹಿಂದೆ ಕೂರಿಸಿ
ನಾನೂ ಕೂತೆ.

ಸ್ಟ್ರೂಅನ್‌ಗೆ ಎಂಟು ವರ್ಷ.
ಮುಂಹಲ್ಲೊಂದು ಇನ್ನೂ ಅರ್ಧವೇ ಮೊಳೆತಿದೆ.
ಮೀನನ್ನು ಸರಿಯಾಗಿಯೇ ನಾಲ್ಕು ಮಾಡಿದ.
ಬರೆದುಕೊಂಡೆ: ನಲವತ್ತು ಸೆಕೆಂಡು.
ಹಕ್ಕಿಗಳನ್ನು ಸಾಲಾಗಿ ನಿಲ್ಲಿಸಿದ. ಒಂದು ನಿಲ್ಲಲಿಲ್ಲ.
ನಿನ್ನೆ ರಾತ್ರಿ ಎರಡು ಗಂಟೆಗೆ, ತೂಕಡಿಕೆಯಲ್ಲಿ,
ನನ್ನ ಕತ್ತರಿ ಅದರ ಒಂದು ಕಾಲು ತಿಂದಿತ್ತು.

ನೀರಿನ ಜಗ್ಗಿಗೆ ಒರಗಿಸಿದ. ಜಾರಿತು.
ಮಲಗಿದ್ದ ಹಾಗೇ ಮೂರು ತುಂಡು ಅದರ ಕೊಕ್ಕಿನ ಮುಂದಿಟ್ಟ.
ನಾನು ಕೆಂಪು ಬಿಲ್ಲೆ ಇಡಬೇಕು. ಇಟ್ಟೆ.
ಬಿಲ್ಲೆಯನ್ನು ನೋಡಿದ, ನನ್ನನ್ನು ನೋಡಿದ,
"ಇದಕ್ಕೆ ಓಡಿ ಹಿಡಿಯೋಕೆ ಆಗಲ್ಲ, ಕಾಣ್ಸಲ್ವಾ?" ಎಂದವನೇ
ಆ ಬಿಲ್ಲೆಯನ್ನೇ ಕುಂಟು ಬದಿಗೆ ಒತ್ತು ಕೊಟ್ಟ.
ಹಕ್ಕಿ ನಿಂತಿತು.

ಆಗ ನನ್ನೊಳಗೆ ಇನ್ನೊಂದು ಭಾಷೆ ಕಿಸಕ್ಕೆಂದಿತು:
ಕಾಲು ಕಳಕೊಂಡದ್ದಕ್ಕೆ ಮುಕ್ಕಾಲು!
ಯಾರಿಗೆ ಹೇಳಲಿ? ಈ ಕೋಣೆಯ ನೂರು ಮಂದಿಯಲ್ಲಿ
ಕಾಲು ಎಂದರೆ ನಡೆಸುವುದೂ ಹೌದು, ನಾಲ್ಕರಲ್ಲೊಂದೂ ಹೌದೆಂದು
ಗೊತ್ತಿರುವುದು ನನಗೊಬ್ಬಳಿಗೇ.

ಉಳಿದದ್ದು ಒಂದು ತುಂಡು, ಮೂರು ಹಕ್ಕಿ.
"ಕತ್ರಿ ಇದ್ಯಾ?"
ನಿಯಮದಲ್ಲಿ ಕತ್ತರಿ ಇಲ್ಲ. ಚೀಲದಲ್ಲಿತ್ತು,
ಅದೇ, ರಾತ್ರಿಯ ಅಪರಾಧಿ. ಕೊಟ್ಟೆ.
ನಾಲಿಗೆ ಹೊರಚಾಚಿ ಕಾಲನ್ನು ಮೂರು ಮಾಡಿದ,
ಬಾಲದ ಪಾಲು ತುಸು ದಪ್ಪ.
ಹನ್ನೆರಡರಲ್ಲಿ ಒಂದು! ಆರನೆಯ ಹಂತಕ್ಕೆಂದು
ನಾನು ಬೀಗ ಹಾಕಿಟ್ಟದ್ದು.
ಬೀಗವಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ವರದಿಯಲ್ಲೊಂದು ಕಲಂ: ಕಲಿಕೆಯ ಗುರಿ ಈಡೇರಿತೆ? ಹೌದು, ಇಲ್ಲ.
ಇಲ್ಲಕ್ಕೆ ಸುತ್ತು ಹಾಕಿದೆ. ಅಳಿಸಿದೆ. ಹೌದಕ್ಕೆ ಹಾಕಿದೆ. ಅಳಿಸಿದೆ.
ಕಾಗದ ತೂತಾಯಿತು.

ಟೇ ನದಿಯ ದಂಡೆಯಲ್ಲಿ ಬಸ್ಸಿಗೆ ಕಾಯುತ್ತ
ಡಬ್ಬಿ ತೆರೆದು ಎಣಿಸಿದೆ.
ಮೀನಿನ ಚೂರು ಆರು, ಎಲ್ಲ ಇವೆ.
ಹಕ್ಕಿ ಮೂರೇ.
ಕೆಂಪು ಬಿಲ್ಲೆಯೂ ಇಲ್ಲ.
ಎದುರಿನ ಕಂಬಿಯ ಮೇಲೆ ನಿಜವಾದದ್ದೊಂದು ಕೂತಿದೆ
ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಎಳೆದುಕೊಂಡು,
ನನ್ನ ಸ್ಯಾಂಡ್‌ವಿಚ್ಚನ್ನೇ ದಿಟ್ಟಿಸುತ್ತ,
ಎಷ್ಟು ಕೊಡ್ತೀಯೋ ನೋಡೋಣ ಎಂಬಂತೆ.